ಅತ್ತೆ ಭಾಷೆ, ಸೊಸೆ ಭಾಷೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನನ್ನನ್ನು ಅಗತ್ಯಕ್ಕಿಂತ ತುಸು ಹೆಚ್ಚೇ ಹೊಗಳಿದ ಮುಖ್ಯ ಅತಿಥಿಗಳೇ, ಪಕ್ಕದ ಕೋಣೆಯಿಂದ ಊಟದ ವಾಸನೆ ಬರುತ್ತಿದ್ದರೂ ಕದಲದೆ ಕುಳಿತಿರುವ ಸಭಿಕರೇ,

ನಿವೃತ್ತಿಯ ದಿನ ಕಣ್ಣೀರು ಹಾಕಲೇಬೇಕೆಂಬ ನಿಯಮವೇನಾದರೂ ಇದೆಯೇ? ಇದ್ದರೆ ಕ್ಷಮಿಸಿ, ನನಗೆ ಅಭ್ಯಾಸವಿಲ್ಲ. ಈ ಲಿಫ್ಟ್ ಕಾರ್ಖಾನೆಗೆ ನಾನೊಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟಿಕೊಟ್ಟೆ. ಲಿಫ್ಟ್ ಯಾವಾಗ ಏರಬೇಕು, ಯಾವಾಗ ಇಳಿಯಬೇಕು, ಎಲ್ಲವನ್ನೂ ಅದರಲ್ಲೇ ಬರೆದೆವು. ಆಮೇಲೆ ನನ್ನ ಸೊಸೆ ಇಲ್ಲಿಗೇ ಕೆಲಸಕ್ಕೆ ಬಂದು, ನನ್ನದನ್ನು ನೋಡಿಕೊಂಡೇ ಇನ್ನೊಂದನ್ನು ಕಟ್ಟಿದಳು. ನೀವು ಅವಕ್ಕೆ ಅತ್ತೆ ಭಾಷೆ, ಸೊಸೆ ಭಾಷೆ ಎಂದು ಹೆಸರಿಟ್ಟಿರಿ. ಎರಡರಲ್ಲಿ ಯಾವುದು ಮೇಲು ಎಂದು ಅತಿಥಿಗಳು ಈಗ ತಾನೇ ಕೇಳಿದರು. ಸೊಸೆಯನ್ನು ಮೂರನೇ ಸಾಲಿನಲ್ಲಿ ಕೂರಿಸಿ ಅತ್ತೆಗೆ ಇಂಥ ಪ್ರಶ್ನೆ ಕೇಳಬಹುದೇ ಸ್ವಾಮೀ?

ಸೊಸೆ ಎಂದೆ. ನನ್ನ ಮಗನೂ ಅವಳೂ ಬೇರೆಯಾಗಿ ವರ್ಷ ಎರಡಾಗುತ್ತ ಬಂತು, ನಿಮಗೆಲ್ಲ ಗೊತ್ತಿರುವುದೇ. ಅಂದಿನಿಂದ ಅವಳು ನನ್ನನ್ನು ಮೇಡಂ ಎನ್ನುತ್ತಾಳೆ. ಆ ವಿಷಯ ಇತ್ಯರ್ಥ ಮಾಡಿಯೇ ನಾನು ವೇದಿಕೆ ಇಳಿಯುವುದು. ಮೊದಲು ಭಾಷೆಗಳ ನ್ಯಾಯ ಮುಗಿಸೋಣ.

ನನ್ನ ಭಾಷೆಯಲ್ಲಿ 'ಬಾಗಿಲು ಮುಚ್ಚುವ ತನಕ ಕಾಯು' ಎಂಬುದನ್ನು ಒಂದೇ ಆಜ್ಞೆಯಲ್ಲಿ ಹೇಳಬಹುದು. ಅವಳು ಅದನ್ನು ಇದ್ದ ಹಾಗೇ ಎತ್ತಿಕೊಂಡಳು. ನನ್ನನ್ನೊಂದು ಮಾತು ಕೇಳಬಾರದಿತ್ತೇ ಎಂದರೆ, "ಅಡುಗೆಮನೆ ಸೌಟು ತಗೊಳ್ಳೋಕೂ ನಿಮ್ಮನ್ನ ಕೇಳ್ಬೇಕಾ ಅತ್ತೆ?" ಎಂದಳು. ಬಾಯಿ ಎಂದರೆ ಬಾಯಿ. ಪ್ರತಿ ಆಜ್ಞೆಯ ಕೊನೆಗೂ ಚುಕ್ಕಿ ಇರಲೇಬೇಕೆಂದು ನಾನು ಹಟ ಹಿಡಿದಿದ್ದೆ. ಸಾಲು ಮುಗಿದರೆ ಮಾತು ಮುಗಿದಂತೆ ಎಂದು ಅವಳು ಚುಕ್ಕಿಯನ್ನೇ ಕಿತ್ತುಹಾಕಿದಳು.

ಇನ್ನು ನನ್ನದರಲ್ಲಿ ಸಂಖ್ಯೆ ಎಂದರೆ ಸಂಖ್ಯೆ, ಅಷ್ಟೇ. ಒಮ್ಮೆ ನಮ್ಮ ಎಂಜಿನಿಯರೊಬ್ಬರು ಮಹಡಿಯ ಸಂಖ್ಯೆಗೆ ಪ್ರಯಾಣಿಕರ ತೂಕವನ್ನು ಕೂಡಿಸಿಬಿಟ್ಟರು. ನನ್ನ ಭಾಷೆ ತುಟಿ ಪಿಟಕ್ಕೆನ್ನಲಿಲ್ಲ. ಐದು ಮಹಡಿಯ ಕಟ್ಟಡದಲ್ಲಿ ಲಿಫ್ಟು ಮುನ್ನೂರನೇ ಮಹಡಿಗೆ ಹೊರಟಿತ್ತು, ಪುಣ್ಯಕ್ಕೆ ಅದು ಪರೀಕ್ಷೆಯ ಮೇಜಿನ ಮೇಲಿನ ಮಾದರಿ. ಸೊಸೆ ಭಾಷೆಯಲ್ಲಿ ಅದು ನಡೆಯದು. ತೂಕ ಬೇರೆ, ಮಹಡಿ ಬೇರೆ ಎಂದು ಅಲ್ಲೇ ತಡೆಯುತ್ತದೆ. ಅದನ್ನು ನಾನು ಎತ್ತಿಕೊಂಡೆ. ಕೇಳಲಿಲ್ಲ. ಸೌಟು ಇಬ್ಬರದೂ ತಾನೇ?

ಇನ್ನೊಂದಿದೆ. ಬರೆಯುವಾಗ ಎಡವಿದರೆ ನನ್ನ ಭಾಷೆ 'ತಪ್ಪು' ಎಂದಷ್ಟೇ ಹೇಳಿ ಸುಮ್ಮನಾಗುತ್ತಿತ್ತು. ಎಲ್ಲಿ, ಏಕೆ ಎಂಬುದು ಬರೆದವರ ಕರ್ಮ. ಅವಳದು, 'ಇಲ್ಲಿ ಬಾಗಿಲು ತೆರೆದಿದ್ದೀರಿ, ಮುಚ್ಚಿಲ್ಲ. ಮರೆತಿರಾ?' ಎನ್ನುತ್ತದೆ. ಯಂತ್ರಕ್ಕೇಕೆ ಇಷ್ಟು ನಯ ಎಂದು ನಾನು ನಕ್ಕಿದ್ದೆ. "ಬರೀ ತಪ್ಪು ತಪ್ಪು ಅಂತಿದ್ರೆ ಜನ ಎದ್ದು ಹೋಗ್ತಾರೆ ಅತ್ತೆ" ಎಂದಳು. ಕಂಪ್ಯೂಟರಿನ ಮಾತೇ ಇರಬೇಕೆಂದುಕೊಂಡೆ. ಮುಂದಿನ ಆವೃತ್ತಿಯಲ್ಲಿ ನನ್ನ ಭಾಷೆಗೂ ಆ ನಯ ಕಲಿಸಿದೆ. ಅಷ್ಟು ಹೊತ್ತಿಗೆ ಅವಳು ನಮ್ಮ ಮನೆಯಿಂದ ಹೋಗಿಯಾಗಿತ್ತು.

ಇರಲಿ. ಸ್ವಲ್ಪ ನೀರು ಕೊಡಿ.

ಹಾಗಾದರೆ ಯಾವುದು ಮೇಲು? ಇವತ್ತು ಎರಡನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟರೆ, ಆ ಚುಕ್ಕಿಯೊಂದನ್ನು ಬಿಟ್ಟು, ಯಾವ ಸಾಲು ಯಾರದೆಂದು ನಾನೇ ತಡವರಿಸುತ್ತೇನೆ. ಮದುವೆ ಮುರಿಯಿತೆಂದು ಅವಳು ನನ್ನ 'ಕಾಯು'ವನ್ನು ಹಿಂದಿರುಗಿಸಲಿಲ್ಲ. ನಾನೂ ಅವಳ ನಯವನ್ನು ಹಿಂದಿರುಗಿಸಲಿಲ್ಲ. ನೀವೂ ಅತ್ತೆ ಭಾಷೆ, ಸೊಸೆ ಭಾಷೆ ಎನ್ನುವುದನ್ನು ಬಿಡಲಿಲ್ಲ. ಕರೆಯುವ ಹೆಸರು ಬದಲಿಸಿದವಳು ಅವಳೊಬ್ಬಳೇ.

ಏ ಹುಡುಗಿ, ತಲೆ ತಗ್ಗಿಸಬೇಡ, ಇತ್ತ ನೋಡು. ನಾನು ಜಂಬದವಳು, ನಿನಗೂ ಗೊತ್ತು. ಆದರೂ ಎಲ್ಲರೆದುರಿಗೆ ಹೇಳುತ್ತೇನೆ: ನಿನ್ನ ಜೊತೆ ಜಗಳವಾಡದೆ ನನಗೆ ಊಟ ರುಚಿಸುವುದಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ನನ್ನ ಗುರುತಿನ ಚೀಟಿಯನ್ನು ಗೇಟಿನವನ ಕೈಗೆ ಕೊಡುತ್ತೇನೆ. ಆಮೇಲೆ ನಾನು ಇಲ್ಲಿ ಯಾರಿಗೂ ಮೇಡಂ ಅಲ್ಲ, ನಿನಗೂ ಅಲ್ಲ. ನನ್ನನ್ನು ಏನೆಂದು ಕರೆಯುತ್ತೀಯೋ, ಊಟ ಮಾಡುತ್ತ ಯೋಚಿಸಿಕೋ.

ಹಸಿವು ತಡೆದುಕೊಂಡು ಕೇಳಿದ ನಿಮಗೆಲ್ಲರಿಗೂ ಈ ಹಳೆಯ ಕೈಗಳ ಕೃತಜ್ಞತೆ. ಗೇಟಿನ ಆಚೆ ಕಾಯುತ್ತಿರುತ್ತೇನೆ ಕಣೇ. ನಮಸ್ಕಾರ.