ಬೆಳ್ಳಿಯಪ್ಪನಿಗೆ ಚುಚ್ಚಿದ ಸೂಜಿಯ ವಿಷಯ

ಷಡಕ್ಷರಿ ಬಿನ್ ಚಂದ್ರಶೇಖರಪ್ಪ, ವಯಸ್ಸು ಹತ್ತೊಂಬತ್ತು, ಹೈಸ್ಕೂಲು ಅರ್ಧಕ್ಕೆ ಬಿಟ್ಟವನು, ಮಲ್ಲಂದೂರು ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಕೆಲಸ, ಸ್ವಂತ ಊರು ಆಲ್ದೂರು. ಯಾರೂ ಕರೆಸದೆ ಠಾಣೆಗೆ ಬಂದು ನಾನು ಈ ಮೂಲಕ ತಿಳಿಸುವುದೇನೆಂದರೆ:

ಮೃತ ಬೆಳ್ಳಿಯಪ್ಪ, ಇಪ್ಪತ್ತೆರಡು ವರ್ಷ, ನಮ್ಮ ಎಸ್ಟೇಟಿನಲ್ಲೇ ಮೂಟೆ ಹೊರುತ್ತಿದ್ದ. ಕಳೆದ ಡಿಸೆಂಬರಿನಲ್ಲಿ ಯುದ್ಧದಿಂದ ಮರಳಿದ ಒಬ್ಬ ಸಿಪಾಯಿಯಿಂದ ಅವನು ಆಯಾಸ ತಿಳಿಯದ ಮಾತ್ರೆ ತಂದನು. ಸಿಪಾಯಿಯ ಹೆಸರು ನನಗೆ ಗೊತ್ತಿಲ್ಲ. "ಒಂದು ನುಂಗಿದ್ರೆ ಬೆನ್ನು ಇದೆ ಅನ್ನೋದೇ ಮರ್ತೋಗುತ್ತೆ ಮಾರಾಯ" ಎಂದನು. ನಾನೂ ಎರಡು ಸಲ ನುಂಗಿದೆ. ಎದೆ ವಿಪರೀತ ಹೊಡೆದುಕೊಂಡಿತು, ಬಿಟ್ಟೆ. ಆದರೆ ಸುಮ್ಮನಿರಲಿಲ್ಲ. ಸೂಜಿಯಲ್ಲಿ ಕೊಟ್ಟರೆ ಬೇಗ ಏರುತ್ತದೆ ಎಂದು ಅವನಿಗೆ ಹೇಳಿದವನು ನಾನು.

ಜನವರಿ 7ರ ಬೆಳಿಗ್ಗೆ ಆರೂವರೆಗೆ ಎಸ್ಟೇಟಿನ ಕಾಂಪೌಂಡರ್ ಓಂಕಾರಮೂರ್ತಿಯವರು ಆಳುಗಳಿಗೆ ಕ್ವಿನೈನ್ ಹಂಚಲು ಹೊರಗೆ ನಿಂತಿದ್ದಾಗ, ಔಷಧಿ ಕೋಣೆಯಿಂದ ಇಂಜೆಕ್ಷನ್ನಿನ ಹಳೆಯ ಪಿಚಕಾರಿ, ಸೂಜಿ ಕದ್ದೆ. ಮೊದಲ ದಿನ ಕುದಿಸಿದೆ. ಆಮೇಲೆ ಬೆಳ್ಳಿಯಪ್ಪ, "ಬಾಣಂತಿಗೆ ನೀರು ಕಾಯಿಸ್ದಂಗೆ ಕಾಯಿಸ್ತೀಯಲ್ಲೋ" ಎಂದು ನಕ್ಕನು. ನಾನೂ ನಕ್ಕೆ. ಅಂದಿನಿಂದ ಪಲ್ಪಿಂಗ್ ಕಾಲುವೆಯ ನೀರಿನಲ್ಲೇ ಮಾತ್ರೆ ಕರಗಿಸಿದೆವು, ಅದರಲ್ಲೇ ಸೂಜಿ ತೊಳೆದೆವು. ಒಟ್ಟು ಒಂಬತ್ತು ಸಲ ನಾನೇ ಚುಚ್ಚಿದೆ.

ಜನವರಿ 21ರಂದು ಅವನಿಗೆ ಚಳಿ ಜ್ವರ ಬಂತು. ನಮ್ಮ ಕಡೆ ಚಳಿ ಬಂದರೆ ಮಲೇರಿಯಾ ಎಂದೇ ಲೆಕ್ಕ. ಓಂಕಾರಮೂರ್ತಿಯವರು ಕ್ವಿನೈನ್ ಮಾತ್ರೆ ಕೊಟ್ಟರು, ಇಳಿಯದಿದ್ದಾಗ ಇಂಜೆಕ್ಷನ್ ಹಾಕಿದರು. ಅವರು ಸೂಜಿಯನ್ನು ಇಪ್ಪತ್ತು ನಿಮಿಷ ಕುದಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಫೆಬ್ರವರಿ 4ರಂದು ಹನ್ನೆರಡು ಮೈಲಿ ಲಾರಿಯಲ್ಲಿ ಮಲಗಿಸಿಕೊಂಡು ಚಿಕ್ಕಮಗಳೂರಿನ ಆಸ್ಪತ್ರೆಗೆ ತಂದೆವು. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಕ್ವಿನೈನ್ ಬಿಟ್ಟು ಬೇರೆ ಸೂಜಿ ಏನಾದರೂ ಚುಚ್ಚಿದ್ದಿದೆಯೇ ಎಂದು ಕೇಳಿದರು. ಬೆಳ್ಳಿಯಪ್ಪ ನನ್ನ ಮುಖ ನೋಡಿದನು. ನಾನು ಇಲ್ಲ ಎಂದೆ.

9ರ ಬೆಳಿಗ್ಗೆ ಏಳು ಗಂಟೆಗೆ ಅವನು ತೀರಿಕೊಂಡನು. ಮಾರನೆಯ ದಿನ, ಕಾಂಪೌಂಡರರ ಇಂಜೆಕ್ಷನ್ನಿನಿಂದಲೇ ಮಗ ಸತ್ತನೆಂದು ಅವನ ತಾಯಿ ಗಿಡ್ಡಮ್ಮನವರು ಕೊಟ್ಟ ದೂರಿನ ಮೇಲೆ ಓಂಕಾರಮೂರ್ತಿಯವರನ್ನು ಹಿಡಿದು ತಂದಿದ್ದೀರಿ.

ಈ ದಿನ ಬೆಳಿಗ್ಗೆ ಡಾಕ್ಟರಲ್ಲಿ ಎಲ್ಲ ಹೇಳಿದೆ. ಸೂಜಿಯ ಕೊಳೆ ರಕ್ತಕ್ಕೆ ಸೇರಿ ಹೃದಯದೊಳಗೆ ಕೀವು ಹಿಡಿದಿರಬೇಕು, ಮೊದಲೇ ತಿಳಿದಿದ್ದರೆ ಪೆನಿಸಿಲಿನ್ ತರಿಸಲು ನೋಡುತ್ತಿದ್ದೆ, ಬದುಕುತ್ತಿದ್ದನೆಂದು ಹೇಳಲಾರೆ ಎಂದರು. ಬದುಕುತ್ತಿರಲಿಲ್ಲ ಎಂದೂ ಅವರು ಹೇಳಲಿಲ್ಲ.

ಅಲ್ಲಿಂದ ಗಿಡ್ಡಮ್ಮನವರಿಗೆ ಹೇಳಲೆಂದು ಎಸ್ಟೇಟಿನ ಆಳುಗಳ ಸಾಲಿನಲ್ಲಿರುವ ಅವರ ಲೈನ್ ಮನೆಗೆ ಹೋದೆ. ಅವರು ನನ್ನ ಕೈ ಹಿಡಿದುಕೊಂಡು, "ಕಡೇವರೆಗೂ ನನ್ ಮಗನ್ ಜೊತೆ ಇದ್ದೋನು ನೀನೊಬ್ನೇ ಕಣಪ್ಪ. ಗಂಜಿ ಕುಡ್ದು ಹೋಗು" ಎಂದರು. ಹೇಳಲಾಗಲಿಲ್ಲ. ಕುಡಿದು ಎದ್ದು ಬಂದೆ.

ಓಂಕಾರಮೂರ್ತಿಯವರದು ಏನೂ ತಪ್ಪಿಲ್ಲ, ಅವರನ್ನು ಬಿಡಬೇಕು. ಗಿಡ್ಡಮ್ಮನವರಿಗೆ ಓದು ಬಾರದು. ಈ ಹೇಳಿಕೆಯನ್ನು ಅವರಿಗೆ ಓದಿ ಹೇಳುವಾಗ ನನ್ನನ್ನೂ ಅವರೆದುರಿಗೇ ನಿಲ್ಲಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಹೇಳಿದ್ದು ನಿಜ.

ಚಿಕ್ಕಮಗಳೂರು
13-2-1946
(ಸಹಿ) ಷಡಕ್ಷರಿ