ಮೊನೆಗಿಟ್ಟ ಕುಂಕುಮ

ಆಯುಧಪೂಜೆಯ ಮಾರನೆಯ ದಿನ ಬೀರೂರು ಸ್ಟೇಷನ್ನಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ, ಮೊಮ್ಮಗಳು ಕೂತಿದ್ದರು. ಹುಡುಗಿಯ ಮಡಿಲಲ್ಲಿ ಪುಟ್ಟ ಡಬ್ಬಿ. ಅದರೊಳಗೆ ಸೂಜಿಯಂಥ ಚಿನ್ನದ ತಂತಿ, ತುದಿಗೆ ಕುಂಕುಮ.

“ಒರೆಸಿದ್ರೆ ಸರಿಹೋಗಲ್ವೇನೇ ಕೃತಿಕಾ?”

“ನಿನ್ನ ಬೆರಳು ತಾಗಿ ಮೊನೆ ಬಗ್ಗೋಗಿದೆ ಅಜ್ಜಿ. ಕೂದಲನ್ನ ಸಾವಿರ ಸೀಳು ಮಾಡಿದಷ್ಟು ಸಣ್ಣಗಿತ್ತು.”

“ಅಷ್ಟು ಸಣ್ಣದು ಯಾತಕ್ಕೇ?”

“ನಮ್ಮ ಲ್ಯಾಬಿನ ಲೇಸರ್ ಬೆಳಕು ಬಂದಿದ್ದೂ ಗೊತ್ತಾಗ್ದಷ್ಟು ಬೇಗ ಹೋಗ್ಬಿಡುತ್ತೆ. ಅದನ್ನ ಆ ಮೊನೇಲಿ ಕೂರಿಸ್ಬೇಕಿತ್ತು.”

“ಕುಡ್ಲಿಗೆ, ಟ್ರ್ಯಾಕ್ಟರ್‌ಗೆ ಇಟ್ಟಂಗೆ ಇದಕ್ಕೂ ಇಟ್ಬಿಟ್ಟೆ ಕಣೇ.”

“ಪೂಜೆಗೆ ತಂದಿಟ್ಟಿದ್ದೇ ನಾನು. ಎಲ್ರ ಆಯುಧನೂ ಇತ್ತು, ನಂದೂ ಇರ್ಲಿ ಅನ್ನಿಸ್ತು. ಸುಮ್ನೆ ನಿನ್ಮೇಲೆ ರೇಗಿದೆ.”

ರೈಲು ಬಂತು. ಹುಡುಗಿ ಬ್ಯಾಗು ಎತ್ತಿಕೊಂಡಳು. ಅಜ್ಜಿ ಅವಳ ಹಿಂದೆಯೇ ಹೋಗುತ್ತ ಅಂದಳು:

“ಬೆಳಕು ಕೂರೋ ಜಾಗ ಅಂತ ಮೊದ್ಲೇ ಹೇಳಿದ್ದಿದ್ರೆ ಮುಟ್ತಾನೇ ಇರ್ಲಿಲ್ಲ ಕಣೇ. ದೂರದಿಂದ್ಲೇ ಕೈಮುಗೀತಿದ್ದೆ.”