ಸಾಹುಕಾರ್ ಬೀದಿಯ ಬರಿಗಾಲ ನಡಿಗೆ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ನಂದೀಶ್ವರಯ್ಯನವರೇ, ನಮ್ಮ ಬಳಗದ ಕಾರ್ಯದರ್ಶಿ ಪ್ರಸನ್ನ ಕುಮಾರ್ ಸಾರ್ ಅವರೇ, ತುಮಕೂರಿನಿಂದ ಬಂದಿರುವ ಸರೋಜಮ್ಮ ಮೇಡಂ ಅವರೇ, ಈಗ ತಾನೆ ಸನ್ಮಾನ ಪಡೆದು ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕುಳಿತಿರುವ ನನ್ನ ಅಜ್ಜಿ ಪಟಾಲಮ್ಮನವರೇ, ಮಧುಗಿರಿಯ ಹಿರಿಯರೇ, ಸಭಿಕರೇ,

ಮೊದಲಿಗೆ ಕ್ಷಮೆ ಕೇಳಬೇಕು. ಈ ಮಾತುಗಳನ್ನು ನಾನು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದೇನೆ. ಕಾರ್ಯಕ್ರಮ ಮುಗಿದ ಮೇಲೆ ಹಾಳೆಯನ್ನು ಸ್ಮರಣ ಸಂಚಿಕೆಗೆ ಕೊಡಬೇಕೆಂದು ಪ್ರಸನ್ನ ಕುಮಾರ್ ಸಾರ್ ಹೇಳಿದ್ದಾರೆ. ಅಚ್ಚು ಮಾಡುವವರು ಯಾರೋ ಪಾಪ, ಅವರಿಗೆ ಈಗಲೇ ಹೇಳುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ. ಒತ್ತು ಬರಬೇಕಾದ ಕಡೆ ಬಂದಿರುವುದಿಲ್ಲ, ಬೇಡದ ಕಡೆ ಬಂದಿರುತ್ತದೆ. ನಾನು ಓದಿದ್ದು ಐದನೇ ಕ್ಲಾಸಿನವರೆಗೆ. ತಪ್ಪಿದ್ದರೆ ತಿದ್ದಿಕೊಳ್ಳಿ. ಆದರೆ ತಿದ್ದುವಾಗ ಮಾತನ್ನು ಬದಲಾಯಿಸಬೇಡಿ.

ಹಿಂದೆ ಕುಳಿತವರಿಗೆ ಕೇಳಿಸದಿದ್ದರೆ ಕೈ ಎತ್ತಿ. ಪ್ರತಿ ಭಾನುವಾರ ಬೀದಿಯಲ್ಲಿ ನಿಂತು ಮಾತನಾಡುವ ಹುಡುಗಿಗೆ ಇದೆಂಥ ಸಂಕೋಚ ಎಂದು ನೀವು ಕೇಳಬಹುದು. ಬೀದಿಯಲ್ಲಿ ಜನ ನನ್ನ ಮುಖ ನೋಡುವುದಿಲ್ಲ. ನಾನು ಕೈ ತೋರಿಸಿದ ಕಡೆ ನೋಡುತ್ತಾರೆ. ಕಂಬ ನೋಡುತ್ತಾರೆ, ಬಾಗಿಲು ನೋಡುತ್ತಾರೆ. ಇಲ್ಲಿ ನೀವೆಲ್ಲ ನನ್ನನ್ನೇ ನೋಡುತ್ತಿದ್ದೀರಿ.

ನನ್ನ ಹೆಸರು ಗಂಗಾಂಬಿಕಾ. ನಮ್ಮದು ಕೊರಟಗೆರೆ ರಸ್ತೆಯ ಕಡೆ ಹಳ್ಳಿ. ಅಲ್ಲಿ ಕಾಲೋನಿಯಲ್ಲಿ ನಮ್ಮ ಮನೆ. ಅಮ್ಮ ತೀರಿಕೊಂಡಾಗ ನನ್ನ ತಮ್ಮ ಅಶ್ವತ್ಥ ಅಂಬೆಗಾಲಿಡುತ್ತಿದ್ದ. ಅಜ್ಜಿ ಕೂಲಿಗೆ ಹೋಗದಿದ್ದರೆ ಒಲೆ ಹೊತ್ತುತ್ತಿರಲಿಲ್ಲ. ಹಾಗಾದರೆ ಮಗುವನ್ನು ನೋಡಿಕೊಳ್ಳುವವರು ಯಾರು? ನಾನೇ. ಹಾಗಾಗಿ ಸ್ಕೂಲು ಅಲ್ಲಿಗೇ ನಿಂತಿತು. ಇದನ್ನು ದುಃಖಕ್ಕೆ ಹೇಳುತ್ತಿಲ್ಲ. ತಮ್ಮ ಈಗ ಐಟಿಐ ಓದುತ್ತಿದ್ದಾನೆ, ನನಗೇ ಬುದ್ಧಿ ಹೇಳುವಷ್ಟು ದೊಡ್ಡವನಾಗಿದ್ದಾನೆ.

ಹಳೆಯ ಮನೆಗಳನ್ನು ಜನರಿಗೆ ತೋರಿಸಲು ನಮ್ಮ ಬಳಗದವರು ಸಾಹುಕಾರ್ ಬೀದಿ ನಡಿಗೆ ಶುರು ಮಾಡಿದಾಗ ನಾನು ಬಂದವರಿಗೆ ಮಜ್ಜಿಗೆ ಕೊಡುವ ಕೆಲಸಕ್ಕೆ ಸೇರಿದೆ. ಆಗ ಜನರನ್ನು ಕರೆದುಕೊಂಡು ಹೋಗಿ ವಿವರಿಸುತ್ತಿದ್ದ ಕಾಲೇಜು ಹುಡುಗ ಕೆಲವು ವಾರದ ನಂತರ ಬೇರೆ ಕೆಲಸ ಸಿಕ್ಕಿ ಹೊರಟುಹೋದ. ಅವನು ಹೇಳುತ್ತಿದ್ದದ್ದು ನನಗೆ ಬಾಯಿಪಾಠವಾಗಿತ್ತು. ಪ್ರಸನ್ನ ಕುಮಾರ್ ಸಾರ್, "ನೀನೇ ಹೇಳಮ್ಮ, ನೋಡೋಣ" ಎಂದರು. ನಂಬಿ ಹೇಳಿದರು. ಆ ನಂಬಿಕೆಯನ್ನು ನಾನು ಮರೆತಿಲ್ಲ. ಇವತ್ತು ಮಾತನಾಡುವಾಗಲೂ ಮರೆತಿಲ್ಲ.

ಈ ಬೀದಿಯನ್ನು ನಾನು ಪ್ರೀತಿಸುತ್ತೇನೆ. ಪ್ರೀತಿಸದೆ ಹೇಗೆ ತೋರಿಸುವುದು? ಬೆಟ್ಟದ ಕಡೆಯಿಂದ ಬೆಳಿಗ್ಗೆ ಬಿಸಿಲು ಇಳಿದು ಮೊದಲು ನಂದೀಶ್ವರಯ್ಯನವರ ಮನೆಯ ಜಗಲಿಗೆ ಬೀಳುತ್ತದೆ. ಆ ಮನೆಯ ಬಾಗಿಲಲ್ಲಿ ಗಿಳಿ ಕೆತ್ತಿದ್ದಾರೆ. ಗಿಳಿಯ ಕೊಕ್ಕು ಜನರ ಕೈ ತಾಗಿ ತಾಗಿ ನುಣ್ಣಗಾಗಿದೆ. ಅದರಾಚೆ ಹುಣಸೆಹಣ್ಣಿನ ವ್ಯಾಪಾರದವರ ತೊಟ್ಟಿಮನೆ. ನೆಲದ ಕೆಳಗೆ ರಾಗಿ ತುಂಬಿಡುತ್ತಿದ್ದ ಹಗೇವು ಇದೆ, ಬಂದವರೆಲ್ಲ ಬಗ್ಗಿ ಒಂದು ಸಲ ಕೂಗಿ ನೋಡುತ್ತಾರೆ. ಗೊರವನಹಳ್ಳಿಗೆ ಲಕ್ಷ್ಮಿಯನ್ನು ನೋಡಲು ಬಸ್ಸಿನಲ್ಲಿ ಬಂದವರು ಹಾಗೇ ನಮ್ಮ ಬೀದಿಗೂ ಬರುತ್ತಾರೆ. ಒಬ್ಬ ತಾಯಿ ನನ್ನನ್ನು ಕೇಳಿದರು, "ಲಕ್ಷ್ಮಿ ಅಲ್ಲವ್ಳೋ ಇಲ್ಲವ್ಳೋ ಹೇಳವ್ವ, ಎರಡು ಕಡೆ ಕಾಯಿ ಒಡ್ಸಾಕಾಗಲ್ಲ." ನಂದೀಶ್ವರಯ್ಯನವರು ನಗುತ್ತಿದ್ದಾರೆ. ಅವರ ಮನೆ ಮುಂದೆಯೇ ಕೇಳಿದ್ದು.

ಒಂದೊಂದು ಸಲ ಜನರೆಲ್ಲ ಹೋದ ಮೇಲೆ ಆ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂರುತ್ತೇನೆ. ಇದು ನನ್ನ ಮನೆಯಾಗಿದ್ದರೆ ಯಾವ ಮೂಲೆಯಲ್ಲಿ ಮಲಗುತ್ತಿದ್ದೆ ಎಂದು ಯೋಚಿಸುತ್ತೇನೆ. ಇದು ಹಾಳೆಯಲ್ಲಿ ಇರಲಿಲ್ಲ, ಬಾಯಿಗೆ ಬಂತು. ಮುಂದಕ್ಕೆ ಹೋಗುತ್ತೇನೆ.

ನಾನು ಇಷ್ಟು ಹೊಗಳುವ ಬೀದಿಯನ್ನು ಅಜ್ಜಿಗೆ ತೋರಿಸಬಾರದೇಕೆ ಎನ್ನಿಸಿತು. ಅವಳು ಚಿಕ್ಕಂದಿನಲ್ಲಿ, ಅಂದರೆ ಮದುವೆಯಾಗಿ ಬಂದ ಹೊಸತರಲ್ಲಿ, ಇಲ್ಲಿ ಹುಣಸೆಹಣ್ಣು ಕುಟ್ಟುವ ಕೆಲಸಕ್ಕೆ ಬರುತ್ತಿದ್ದಳು ಎಂಬುದಷ್ಟೇ ನನಗೆ ಗೊತ್ತಿತ್ತು. ಕಾರ್ತಿಕದ ಒಂದು ಭಾನುವಾರ ಅವಳನ್ನೂ ಕರೆದುಕೊಂಡು ಬಂದೆ. ಅವತ್ತು ಸರೋಜಮ್ಮ ಮೇಡಂ ತಮ್ಮ ಸ್ಕೂಲಿನ ಟೀಚರುಗಳ ಜೊತೆ ಬಂದಿದ್ದರು. ಪ್ರಸನ್ನ ಕುಮಾರ್ ಸಾರ್ ಕೂಡ ಇದ್ದರು.

ಬೀದಿಯ ಬಾಯಲ್ಲಿ ಒಂದು ನಿಲುಗಲ್ಲು ಇದೆಯಲ್ಲ, ಅಲ್ಲಿಗೆ ಬಂದ ತಕ್ಷಣ ಅಜ್ಜಿ ನಿಂತಳು. ಹವಾಯಿ ಚಪ್ಪಲಿ ಕಾಲಿನಿಂದ ಬಿಟ್ಟಳು. ಎರಡನ್ನೂ ಎತ್ತಿ ಕಂಕುಳಲ್ಲಿ ಇಟ್ಟುಕೊಂಡು, ಸೆರಗು ಮುಚ್ಚಿ, ಒಳಗೆ ಹೆಜ್ಜೆ ಇಟ್ಟಳು. ಯಾರೂ ಹೇಳಲಿಲ್ಲ. ಅವಳೂ ಯೋಚಿಸಿ ಮಾಡಿದ್ದಲ್ಲ. ನಾವು ಬಾಗಿಲು ದಾಟುವಾಗ ತಲೆ ಬಗ್ಗಿಸುತ್ತೇವಲ್ಲ, ಹಾಗೆ.

ಸರೋಜಮ್ಮ ಮೇಡಂ ಅದನ್ನು ನೋಡಿದರು. "ಓ, ಇಲ್ಲಿ ಚಪ್ಪಲಿ ಬಿಡಬೇಕೇನಮ್ಮ?" ಎನ್ನುತ್ತಾ ತಾವೂ ಬಿಟ್ಟರು. ಅವರನ್ನು ನೋಡಿ ಪಕ್ಕದ ಟೀಚರು. ಅವರನ್ನು ನೋಡಿ ಗಂಡಸರು ಬೂಟಿನ ದಾರ ಬಿಚ್ಚಿದರು. ಎಲ್ಲರೂ ಕೈಯಲ್ಲಿ ಚಪ್ಪಲಿ, ಬೂಟು ಹಿಡಿದುಕೊಂಡು ಬರಿಗಾಲಲ್ಲಿ ಬೀದಿಯ ಕೊನೆಯವರೆಗೆ ನಡೆದರು. ಪ್ರಸನ್ನ ಕುಮಾರ್ ಸಾರ್ ಅವರ ಕಣ್ಣಲ್ಲಿ ನೀರು ಬಂದಿತ್ತು. "ಎಂಥ ಸಂಸ್ಕಾರ ನೋಡಿ, ಹಿರಿಯರು ಓಡಾಡಿದ ಮಣ್ಣಿಗೆ ಈ ತಾಯಿ ಕೊಟ್ಟ ಗೌರವ ನಮಗ್ಯಾರಿಗೂ ಹೊಳೀಲಿಲ್ಲ" ಎಂದರು.

ಮುಂದಿನದು ನಿಮಗೆಲ್ಲ ಗೊತ್ತು. ಮುಂದಿನ ವಾರದಿಂದ ಅದೇ ಪದ್ಧತಿಯಾಯಿತು. ಬರಿಗಾಲ ನಡಿಗೆ ಎಂದು ಪೇಪರಿನಲ್ಲಿ ಬಂತು. ಶಿರಾದಿಂದ, ಪಾವಗಡದಿಂದ ಅದಕ್ಕಾಗಿಯೇ ಜನ ಬರತೊಡಗಿದರು. "ಹಿರಿಯರ ಪಾದಧೂಳಿ ನಮ್ಮ ಪಾದಕ್ಕೂ ತಾಗಲಿ" ಎಂದು ಹೇಳಲು ನನಗೆ ಬರೆದುಕೊಟ್ಟರು. ನಾನು ಹೇಳಿದೆ. ಇವತ್ತು ಅದಕ್ಕಾಗಿಯೇ ಅಜ್ಜಿಗೆ ಶಾಲು ಹೊದಿಸಿದ್ದೀರಿ.

ಸಭಿಕರೇ, ಅವತ್ತು ಸಂಜೆ ಬಸ್ಸಿನಲ್ಲಿ ಅಜ್ಜಿ ಏನು ಕೇಳಿದಳು ಎಂದು ಇದುವರೆಗೆ ಪೇಪರಿನಲ್ಲಿ ಬಂದಿಲ್ಲ. ಅದನ್ನು ಹೇಳಲು ನಾನು ಎದ್ದು ನಿಂತಿರುವುದು.

ಬಸ್ಸಿನಲ್ಲಿ ಅಜ್ಜಿ ಬಹಳ ಖುಷಿಯಾಗಿದ್ದಳು. ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದಳು:

"ಅಲ್ಲ ಕಣವ್ವ, ಅವ್ರೆಲ್ಲ ನಮ್ಮೋರೇನಾ?"

"ಯಾರಜ್ಜಿ?"

"ಅದೇ, ಎಕ್ಕಡ ಕೈಲಿಡ್ಕಂಡು ಬಂದ್ರಲ್ಲ, ಅವ್ರು. ಅಷ್ಟೊಂದು ಜನ ನಮ್ಮೋರು ಓದ್ಬುಟ್ಟವ್ರೆ. ಮೇಷ್ಟ್ರಾಗವ್ರೆ, ಪ್ಯಾಂಟ್ ಹಾಕವ್ರೆ. ಆ ಕನ್ನಡಕದಮ್ಮನೂ ನಮ್ಮೋಳೇ. ನಂಗೆ ಗೊತ್ತೇ ಇರ್ಲಿಲ್ಲ ನೋಡು."

ಕನ್ನಡಕದಮ್ಮ ಎಂದರೆ ನೀವು, ಮೇಡಂ. ತಪ್ಪು ತಿಳಿಯಬೇಡಿ. ಅಜ್ಜಿ ಅದನ್ನು ಬಹಳ ಹೆಮ್ಮೆಯಿಂದ ಹೇಳಿದಳು.

ನಾನು ಎಂದೆ, "ಇಲ್ಲ ಕಣಜ್ಜಿ, ಅವರು ಎಲ್ಲಾ ಜನದೋರು. ನೀನು ಬಿಟ್ಟೆ ಅಂತ ಅವರೂ ಬಿಟ್ಟರು. ನೀನ್ಯಾಕೆ ಬಿಟ್ಟೆ?"

ಅಜ್ಜಿ ನನ್ನನ್ನೇ ನೋಡಿದಳು. "ಇನ್ನೇನು ಮೆಟ್ಕಂಡೇ ಹೋಗ್ತಾರಾ ಆ ಬೀದಿಲಿ?" ಎಂದಳು.

ನಮ್ಮ ಜಾತಿಯವರು ಈ ಬೀದಿಯಲ್ಲಿ ಚಪ್ಪಲಿ ಮೆಟ್ಟಿ ನಡೆಯುವಂತಿರಲಿಲ್ಲ. ಆ ಕಲ್ಲಿನ ಹತ್ತಿರ ಬಿಚ್ಚಿ, ಮಂಕರಿಯಲ್ಲಿ ಹಾಕಿಕೊಂಡು, ಹಿತ್ತಲ ಓಣಿ ಸಿಕ್ಕ ಮೇಲೆ ಮತ್ತೆ ಮೆಟ್ಟಬೇಕಿತ್ತು. ಅಜ್ಜಿಯ ತವರು ನಿಡುಗಲ್ ಕಡೆ. ಮದುವೆಯಾಗಿ ಬಂದ ಹೊಸದರಲ್ಲಿ ತಾತ ಚಿಕ್ಕನರಸಯ್ಯ ತಾನೇ ಹೊಲಿದ ಹೊಸ ಎಕ್ಕಡ ಅವಳಿಗೆ ಕೊಟ್ಟಿದ್ದ. ಅದನ್ನು ಮೆಟ್ಟಿಕೊಂಡು, ಮೊದಲ ದಿನ, ಯಾವ ಕಲ್ಲು ಎಲ್ಲಿದೆ ಎಂದು ತಿಳಿಯದೆ, ಅತ್ತೆಗಿಂತ ಮುಂದೆ ಮುಂದೆ ನಡೆದುಬಿಟ್ಟಳಂತೆ.

"ಯಾರಾದ್ರೂ ಬೈದ್ರಾ ಅಜ್ಜಿ?" ಎಂದು ಕೇಳಿದೆ.

"ಇಲ್ಲ. ಬಯ್ಲಿಲ್ಲ, ಹೊಡೀಲಿಲ್ಲ. ಸುಳ್ಳು ಯಾಕೆ ಹೇಳ್ಲಿ? ಜಗಲಿ ಮೇಲೆ ಕೂತಿದ್ದೋರು ಒಬ್ರು ಕೆಮ್ಮಿದ್ರು. ಅಷ್ಟೇ. ಹಿಂದಿಂದ ನಮ್ಮತ್ತೆ 'ತಗಿ, ತಗಿ' ಅಂದ್ಲು. ತಗ್ದೆ."

ಒಂದು ಕೆಮ್ಮು. ಐವತ್ತು ವರ್ಷ ಆದಮೇಲೂ ಅವಳ ಕಾಲಿಗೆ ಆ ಕೆಮ್ಮು ಕೇಳಿಸುತ್ತದೆ. ಯಾರ ಜಗಲಿ ಎಂದು ನಾನು ಕೇಳಲಿಲ್ಲ. ಕೇಳುವುದೂ ಇಲ್ಲ. ಕೆಮ್ಮಿದವರು ಈಗ ಇಲ್ಲ. ಅವರ ಮೊಮ್ಮಕ್ಕಳು ಇಲ್ಲಿ ಕುಳಿತಿದ್ದರೆ ಅವರು ತಲೆ ತಗ್ಗಿಸಬೇಕಾಗಿಲ್ಲ. ನಾನು ಅದಕ್ಕಾಗಿ ಹೇಳುತ್ತಿಲ್ಲ.

ಮತ್ತೆ ಯಾತಕ್ಕೆ ಹೇಳುತ್ತಿದ್ದೇನೆ? ಈ ಪ್ರಶ್ನೆಯನ್ನು ನನ್ನ ತಮ್ಮನೂ ಕೇಳಿದ. "ಅಕ್ಕೋ, ಸುಮ್ನೆ ಅಜ್ಜಿಗೆ ಶಾಲು ಹಾಕುಸ್ಕಂಡು, ಊಟ ಮಾಡ್ಕಂಡು ಬಾ. ಮೈಕು ಸಿಕ್ತು ಅಂತ ಎಲ್ಲಾ ಉಗುಳ್ಬೇಡ. ನಾಳೆ ಕೆಲಸ ಹೋದ್ರೆ ಮತ್ತೆ ಮಜ್ಜಿಗೆ ಕೊಡೋಕೂ ಕರೆಯಲ್ಲ" ಎಂದ. ತಮಾಷೆಗೆ ಹೇಳಿದನೋ ಹೆದರಿ ಹೇಳಿದನೋ ಗೊತ್ತಾಗಲಿಲ್ಲ. ಕೆಲಸ ಹೋಗಬಹುದು ಎಂಬುದು ನನಗೂ ಗೊತ್ತು. ಈ ಕೆಲಸದಷ್ಟು ನನಗೆ ಇಷ್ಟವಾದದ್ದು ಬೇರೆ ಯಾವುದೂ ಇಲ್ಲ ಎಂಬುದು ಅವನಿಗೂ ಗೊತ್ತು.

ಪ್ರಸನ್ನ ಕುಮಾರ್ ಸಾರ್ ಅವರಿಗೆ ನಾನು ಮೊದಲೇ ಹೇಳಿದ್ದೆ. ಅವರ ಬೆನ್ನ ಹಿಂದೆ ಹೇಳುತ್ತಿರುವ ಮಾತಲ್ಲ ಇದು. ಅದಕ್ಕೆ ಅವರು, "ಅದೆಲ್ಲ ಹಳೇದು ಕಣಮ್ಮ. ಜನ ನಾಲ್ಕು ಗಳಿಗೆ ಸಂತೋಷಕ್ಕೆ ಬರ್ತಾರೆ. ಅವರಿಗೆ ನೋವಾಗೋದು ಯಾಕೆ? ಗೌರವ ಅಂತಲೇ ಇರಲಿ ಬಿಡು, ಯಾರಿಗೇನು ನಷ್ಟ?" ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅಜ್ಜಿಯ ಕಣ್ಣಿನ ಆಪರೇಷನ್ನಿಗೆ ತುಮಕೂರಿಗೆ ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದವರು ಅವರು. ಆದರೆ ಯಾರಿಗೇನು ನಷ್ಟ ಎಂಬ ಪ್ರಶ್ನೆಗೆ ಅವತ್ತು ನನಗೆ ಉತ್ತರ ಬರಲಿಲ್ಲ. ಮೊದಲೇ ಮಾತು ತಡವಾಗಿ ಬರುವ ಹುಡುಗಿ ನಾನು. ಉತ್ತರ ಈಗ ಬಂದಿದೆ ಸಾರ್.

ಅಜ್ಜಿಗೆ ನಷ್ಟ. ಅವಳು ಪ್ರತಿ ಸಲ ಬಂದಾಗಲೂ ಎಲ್ಲರೂ ಬರಿಗಾಲಲ್ಲಿ ನಡೆಯುವುದನ್ನು ನೋಡುತ್ತಾಳೆ. ಈ ಬೀದಿಯ ಕಾನೂನು ಇನ್ನೂ ಹಾಗೇ ಇದೆ, ಈಗ ಎಲ್ಲರಿಗೂ ಬಂದಿದೆ ಎಂದುಕೊಂಡಿದ್ದಾಳೆ. ನಾನು ಎಷ್ಟು ಹೇಳಿದರೂ ನಂಬುವುದಿಲ್ಲ. "ಮತ್ತೆ ಅವ್ರ್ಯಾಕೆ ಬಿಡ್ತಾರೆ?" ಎನ್ನುತ್ತಾಳೆ. ನಾನೇ ಕಲ್ಲಿನ ಹತ್ತಿರ ನಿಂತು ಚಪ್ಪಲಿ ಬಿಡಿ ಬಿಡಿ ಎಂದು ಹೇಳುತ್ತಿರುವಾಗ ಅವಳು ಯಾಕೆ ನಂಬಬೇಕು? ಮೊಮ್ಮಗಳ ಬಾಯಲ್ಲಿ ಅವಳ ಅತ್ತೆಯ ಮಾತು. ಅಲ್ಲಿ 'ತಗಿ, ತಗಿ'. ಇಲ್ಲಿ ಸ್ವಲ್ಪ ಚೆಂದದ ಭಾಷೆ.

ಹಾಗಾಗಿ ಮುಂದಿನ ಭಾನುವಾರದಿಂದ ಆ ಕಲ್ಲಿನ ಹತ್ತಿರ ನಿಂತು ನಾನು ಈ ವಿಷಯವನ್ನೇ ಹೇಳುತ್ತೇನೆ. ಗಿಳಿಯ ಬಾಗಿಲನ್ನೂ ಹೇಳುತ್ತೇನೆ, ಹಗೇವನ್ನೂ ಹೇಳುತ್ತೇನೆ. ಕಲ್ಲಿನದನ್ನು ಮೊದಲು ಹೇಳುತ್ತೇನೆ. ಆಮೇಲೆ, ಎಲ್ಲರೂ ಚಪ್ಪಲಿ ಮೆಟ್ಟಿಕೊಂಡೇ ಬನ್ನಿ ಎನ್ನುತ್ತೇನೆ. ಅದು ಬೇಡ ಎಂದು ಬಳಗದವರು ತೀರ್ಮಾನಿಸಿದರೆ ಬೇರೆಯವರನ್ನು ನೋಡಿಕೊಳ್ಳಬಹುದು. ನಾನು ಜಗಳ ಮಾಡುವುದಿಲ್ಲ. ಆ ಪಾದಧೂಳಿಯ ಮಾತನ್ನು ಮಾತ್ರ ಇನ್ನು ಹೇಳಲಾರೆ.

ಶಾಲನ್ನು ವಾಪಸು ಕೊಡಬೇಕೇ ಎಂದು ಯೋಚಿಸಿದೆ. ಕೊಡುವುದಿಲ್ಲ. ಅಜ್ಜಿಗೆ ಚಳಿ ಜಾಸ್ತಿ. ಹಣ್ಣಿನ ಬುಟ್ಟಿಯಲ್ಲಿ ಎರಡು ದಾಳಿಂಬೆ ಆಗಲೇ ಅವಳ ಮಡಿಲಿಗೆ ಹೋಗಿದ್ದನ್ನು ಇಲ್ಲಿಂದ ನೋಡಿದೆ.

ಕೊನೆಯದಾಗಿ ಇವತ್ತು ಬೆಳಿಗ್ಗೆಯ ಒಂದು ಸಣ್ಣ ವಿಷಯ ಹೇಳಿ ಮುಗಿಸುತ್ತೇನೆ. ಈ ಮಂಟಪಕ್ಕೆ ಬರಬೇಕಾದರೆ ಬೀದಿಯನ್ನು ಪೂರ್ತಿ ದಾಟಿಯೇ ಬರಬೇಕು. ಹವಾಯಿ ಚಪ್ಪಲಿಯಾದರೆ ಅಜ್ಜಿಯ ಕಾಲಿನಿಂದ ಕಲ್ಲಿನ ಹತ್ತಿರ ತಾನೇ ಕಳಚಿಕೊಳ್ಳುತ್ತದೆ. ಅದಕ್ಕೆ ಬೆಳಿಗ್ಗೆ ಮನೆಯಲ್ಲಿ ಅವಳಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ ಬಕಲ್ ಬಿಗಿದೆ. ಅವಳಿಗೆ ಸೊಂಟ ಬಗ್ಗುವುದಿಲ್ಲ. ಬಿಚ್ಚಬೇಕಾದರೆ ನಾನೇ ಬಿಚ್ಚಬೇಕು.

ಕಲ್ಲಿನ ಹತ್ತಿರ ನಿಂತಳು. "ಲೇ, ಬಿಚ್ಚೇ" ಎಂದಳು.

"ಬಿಚ್ಚಲ್ಲ ಕಣಜ್ಜಿ" ಎಂದೆ.

"ಬೈಸ್ಕಂತೀಯ ನೀನು" ಎಂದಳು. ನನ್ನ ಕೈಯನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ನಡೆದಳು. ಯಾವ ಮನೆಯನ್ನೂ ನೋಡಲಿಲ್ಲ, ತನ್ನ ಕಾಲನ್ನೇ ನೋಡುತ್ತಾ ನಡೆದಳು. ಈ ಮಂಟಪದ ಬಾಗಿಲಿಗೆ ಬಂದಾಗ ನೀವೆಲ್ಲ ಒಳಗೆ ಬರುವ ಮುಂಚೆ ಚಪ್ಪಲಿ ಬಿಟ್ಟಿದ್ದಿರಿ. ನಾನು ಬಗ್ಗಿ ಬಕಲ್ ಬಿಚ್ಚಿ, ಅವಳದ್ದನ್ನೂ ಅಲ್ಲೇ ಇಟ್ಟೆ. ಕಂಕುಳಲ್ಲಿ ಇಟ್ಟುಕೊಳ್ಳಲು ಕೈ ಚಾಚಿದಳು, ನಾನು ಕೊಡಲಿಲ್ಲ. ಅವು ಈಗ ಹೊರಗೆ, ನಿಮ್ಮ ಚಪ್ಪಲಿಗಳ ನಡುವೆ ಇವೆ.

ನಡುವೆ ಎದ್ದು ಹೋಗದೆ ಕೇಳಿದಿರಿ, ಅದು ನನಗೆ ದೊಡ್ಡದು. ನಿಮಗೆಲ್ಲರಿಗೂ ನನ್ನ ನಮಸ್ಕಾರ.